ಮೂರನೆಯ ಒಂದು ಪಾಲು ಶೇ 8.33ಕ್ಕೆ ಇಳಿದಾಗ: ದಬ್ಬಾಳಿಕೆಯ ಅರ್ಜಿ ನಡೆಸಿದ ನನ್ನ ಅನುಭವ

ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಒಬ್ಬ ಷೇರುದಾರರನ್ನು ಹೊರಗೆ ಹಾಕುವುದಕ್ಕೆ ಜಗಳವಾಡಬೇಕಾಗಿಲ್ಲ. ಹೊಸ ಷೇರು ಹಂಚುವ ಒಂದು ನಿರ್ಣಯ ಸಾಕು. ಬೆಂಗಳೂರಿನಲ್ಲಿ ಕಂಪನಿ ಕಾನೂನಿನ ವಕೀಲಿಕೆ ಮಾಡುವ ನನ್ನ ಬಳಿಗೆ ಬರುವ ಇಂತಹ ತಂಟೆಗಳಲ್ಲಿ ಹೆಚ್ಚಿನವು ಈ ಒಂದೇ ದಾರಿಯಲ್ಲಿ ಹುಟ್ಟಿದವು. ಅವುಗಳಲ್ಲಿ ಒಂದನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ನಡೆಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳ ಪ್ರಮಾಣವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ.

ಉತ್ತರ ಕರ್ನಾಟಕದ ಒಂದು ಫೌಂಡ್ರಿ. ಮೂವರು ಅಣ್ಣತಮ್ಮಂದಿರು, ತಲಾ 10,000 ಷೇರು, ಮುಖಬೆಲೆ ₹100. ನಡುವಿನವರು ತೀರಿಕೊಂಡ ಮೇಲೆ ಅವರ ಹೆಂಡತಿ ಷೇರುಗಳನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಡಿ ಎಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಲಾಭಾಂಶವೂ ನಿಂತಿತು. ನನ್ನ ಬಳಿ ಬಂದಾಗ ಅವರು ಹೇಳಿದ್ದು ಇಷ್ಟೇ: "ಸರ್, ಭಾವನವರ ಮೇಲೆ ಕೇಸು ಹಾಕಲೇಬೇಕು ಅಂತ ಬಂದಿಲ್ಲ. ನಮ್ಮ ಯಜಮಾನರ ಪಾಲು ಈಗ ಎಷ್ಟಿದೆ ಅಂತ ತಿಳಿದರೆ ಸಾಕು."

ಇಂತಹ ಸಂದರ್ಭದಲ್ಲಿ ಮೊದಲು ಲಾಯರ್ ನೋಟಿಸ್ ಕಳುಹಿಸುವ ರೂಢಿ ಇದೆ. ನಾನು ಹಾಗೆ ಮಾಡುವುದಿಲ್ಲ, ಏಕೆಂದರೆ ನೋಟಿಸ್ ತಲುಪಿದ ಮರುದಿನವೇ ಹಳೆಯ ತಾರೀಖಿನ ಕಾಗದಗಳು ಹುಟ್ಟಿಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ ₹100 ಕಟ್ಟಿದರೆ ಯಾವ ಕಂಪನಿಯ ಸಾರ್ವಜನಿಕ ದಾಖಲೆಗಳನ್ನಾದರೂ ನೋಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ವಾರ್ಷಿಕ ವಿವರದ ಎಂಜಿಟಿ-7, ಲೆಕ್ಕಪತ್ರದ ಎಒಸಿ-4, ನಿರ್ದೇಶಕರ ಬದಲಾವಣೆಯ ಡಿಐಆರ್-12, ಷೇರು ಹಂಚಿಕೆಯ ಪಿಎಎಸ್-3, ಇವನ್ನೆಲ್ಲ ಇಳಿಸಿಕೊಂಡು ತಾರೀಖಿನ ಕ್ರಮದಲ್ಲಿ ಜೋಡಿಸಿದೆ. ಆಡಳಿತ ಮಂಡಳಿಯ ಸಭೆಯ ನಡಾವಳಿಯನ್ನು ನೋಡುವ ಹಕ್ಕು ಷೇರುದಾರರಿಗೆ ಇಲ್ಲ. ಆದರೆ ಪಿಎಎಸ್-3ರ ಜೊತೆಗೆ ಮಂಡಳಿಯ ನಿರ್ಣಯದ ಪ್ರತಿಯನ್ನೂ ಷೇರು ಪಡೆದವರ ಪಟ್ಟಿಯನ್ನೂ ಲಗತ್ತಿಸಲೇಬೇಕಾದ್ದರಿಂದ, ಕಂಪನಿಯವರು ಮುಚ್ಚಿಟ್ಟಿದ್ದೇವೆ ಎಂದುಕೊಂಡಿದ್ದು ಅಲ್ಲಿ ತೆರೆದೇ ಇರುತ್ತದೆ.

ನಮ್ಮ ಕಂಪನಿಯ ಪಿಎಎಸ್-3ರಲ್ಲಿ ಸಿಕ್ಕಿದ್ದು 90,000 ಹೊಸ ಷೇರುಗಳ ಹಂಚಿಕೆ. ಇದ್ದ ಷೇರುದಾರರಿಗೆ ಒಂದಕ್ಕೆ ಮೂರರಂತೆ ಮುಖಬೆಲೆಗೇ ಷೇರು ನೀಡುವ ಪ್ರಸ್ತಾಪ; ತೀರಿಕೊಂಡವರ ಪಾಲಿನ 30,000ಕ್ಕೆ ಉತ್ತರ ಬಂದಿಲ್ಲವೆಂದು ಅವನ್ನೂ ಉಳಿದ ಇಬ್ಬರೇ ಹಂಚಿಕೊಂಡು ತಲಾ 45,000 ಪಡೆದಿದ್ದರು. ಹೊಸದಾಗಿ ಹಣವೂ ಬಂದಿರಲಿಲ್ಲ, ಕಂಪನಿಯ ಪುಸ್ತಕದಲ್ಲಿದ್ದ ನಿರ್ದೇಶಕರ ಸಾಲವನ್ನೇ ಷೇರಾಗಿ ಪರಿವರ್ತಿಸಿದ್ದರು. ಹಂಚಿಕೆಗೆ ಮೊದಲು ಕಂಪನಿಯ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) ಸುಮಾರು ₹6 ಕೋಟಿ, ಅಂದರೆ ಷೇರಿಗೆ ₹2,000; ನಂತರ ₹6.90 ಕೋಟಿಯನ್ನು 1,20,000 ಷೇರಿಗೆ ಹಂಚಿದರೆ ₹575. ಆಕೆಯ ₹2 ಕೋಟಿಯ ಪಾಲು ಒಂದು ಸಹಿಯಲ್ಲಿ ₹57.5 ಲಕ್ಷಕ್ಕೆ ಇಳಿದಿತ್ತು. ಮುಂದೆ ಕಂಪನಿ ಕಾನೂನು ನ್ಯಾಯಮಂಡಳಿಗೆ ಕೊಟ್ಟ ದಬ್ಬಾಳಿಕೆಯ ಅರ್ಜಿಯಲ್ಲಿ ಈ ಲೆಕ್ಕವನ್ನು ನಾನು ಎರಡನೆಯ ಪುಟದಲ್ಲೇ ಹಾಕಿದೆ. ಕಾನೂನಿನ ವಾದಕ್ಕೆ ಮೊದಲು ಪೀಠದ ಕಣ್ಣಿಗೆ ಈ ಎರಡು ಅಂಕಿಗಳು ಬೀಳಬೇಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಆಮೇಲೆ ಸಾಧಾರಣ ಭಾಷೆಯಲ್ಲಿ, ಆಕೆಯ ಸಹಿಯಲ್ಲೇ, ಸದಸ್ಯರ ನೋಂದಣಿ ಪುಸ್ತಕವನ್ನೂ ಸರ್ವಸದಸ್ಯರ ಸಭೆಯ ನಡಾವಳಿಯನ್ನೂ ಕೇಳಿ ಎರಡು ಪತ್ರಗಳನ್ನು ಬರೆಸಿದೆ. ಇದಕ್ಕೆ 2013ರ ಕಂಪನಿ ಕಾಯ್ದೆಯ 94 ಮತ್ತು 119ನೆಯ ಸೆಕ್ಷನ್‌ಗಳ ಆಧಾರವಿದೆ. ಉತ್ತರವಾಗಿ, ಬಹುಶಃ ಬಾಯಿ ಮುಚ್ಚಿಸುವ ಉದ್ದೇಶದಿಂದ, ಷೇರು ಪ್ರಸ್ತಾಪದ ಪತ್ರವನ್ನು ಕ್ರಮಬದ್ಧವಾಗಿ ಕಳುಹಿಸಿದ್ದೇವೆ ಎನ್ನುವುದಕ್ಕೆ ರಿಜಿಸ್ಟರ್ಡ್ ಪೋಸ್ಟಿನ ಸ್ವೀಕೃತಿ ಚೀಟಿಯ ನಕಲನ್ನು ಕಂಪನಿಯೇ ಕೊಟ್ಟಿತು. ಆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಇಡೀ ಪ್ರಕರಣ ಬಿಚ್ಚಿಕೊಂಡಿತು. ಅನೇಕ ಕುಟುಂಬ ಕಂಪನಿಗಳಲ್ಲಿ ಇರುವಂತೆ ಇಲ್ಲಿಯೂ ಸದಸ್ಯರ ನೋಂದಣಿ ಪುಸ್ತಕದಲ್ಲಿ ಎಲ್ಲರ ವಿಳಾಸ ಕಾರ್ಖಾನೆಯದೇ. ಪತ್ರ ಕಂಪನಿಯಿಂದ ಹೊರಟು, ತೀರಿಕೊಂಡವರ ಹೆಸರಿಗೆ, ಕಂಪನಿಗೇ ಬಂದಿತ್ತು. ಅದನ್ನು ಪಡೆದು ಸಹಿ ಹಾಕಿದವನು ಕಂಪನಿಯದೇ ಗುಮಾಸ್ತ, ಸಹಿಯ ಕೆಳಗೆ ಕಂಪನಿಯ ಮೊಹರು. ಆ ಪತ್ರದ ತಾರೀಖಿಗೆ ಬಹಳ ಮೊದಲೇ ಆಕೆ ತಮ್ಮ ಮನೆಯ ವಿಳಾಸ ನಮೂದಿಸಿ ಷೇರು ವರ್ಗಾವಣೆಗೆ ಬರೆದ ಪತ್ರ ಅವರ ಕೈಸೇರಿತ್ತು.

ಅರ್ಜಿ ಹಾಕುವ ಅರ್ಹತೆಯ ಪ್ರಶ್ನೆ ಎದುರುಕಡೆಯಿಂದ ಬಂದೇ ಬರುತ್ತದೆಂದು ಗೊತ್ತಿತ್ತು. 241ನೆಯ ಸೆಕ್ಷನ್ನಿನ ಕೆಳಗೆ ದಬ್ಬಾಳಿಕೆ ಮತ್ತು ದುರಾಡಳಿತದ ದೂರು ಕೊಡಲು 244ನೆಯ ಸೆಕ್ಷನ್ ಒಂದು ಹೊಸ್ತಿಲನ್ನು ಇಟ್ಟಿದೆ: 100 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೆಯ ಒಂದು ಭಾಗ, ಇವೆರಡರಲ್ಲಿ ಕಡಿಮೆಯಾದದ್ದು, ಇಲ್ಲವೇ ಷೇರು ಬಂಡವಾಳದ ಹತ್ತನೆಯ ಒಂದು ಭಾಗ. ಶೇ 8.33ರ ಪಾಲು ಎಂದೊಡನೆ ಅರ್ಜಿ ನಿಲ್ಲುವುದಿಲ್ಲ ಎಂದು ಕೈಚೆಲ್ಲುವವರು ತಲೆಎಣಿಕೆಯ ದಾರಿಯನ್ನು ಮರೆತಿರುತ್ತಾರೆ. ಮೂವರೇ ಸದಸ್ಯರಿರುವ ಕಂಪನಿಯಲ್ಲಿ ಒಬ್ಬರೆಂದರೆ ಮೂರನೆಯ ಒಂದು ಭಾಗ. ಆಕೆಯ ಹೆಸರು ಪುಸ್ತಕದಲ್ಲಿಲ್ಲ ಎಂಬ ಎರಡನೆಯ ಆಕ್ಷೇಪಕ್ಕೆ ಉತ್ತರ 1990ರಲ್ಲಿ ವರದಿಯಾದ ವರ್ಲ್ಡ್ ವೈಡ್ ಏಜೆನ್ಸೀಸ್ ಪ್ರಕರಣದಲ್ಲಿತ್ತು; ಮೃತ ಸದಸ್ಯರ ವಾರಸುದಾರರು ಹೆಸರು ದಾಖಲಾಗದಿದ್ದರೂ ಇಂತಹ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಇಷ್ಟಿದ್ದರೂ ಹೊಸ್ತಿಲಿನ ವಿನಾಯಿತಿ ಕೋರುವ ಅರ್ಜಿಯೊಂದನ್ನು ಜೊತೆಗಿಟ್ಟೆ. ಟಾಟಾ ಸನ್ಸ್ ಪ್ರಕರಣದಲ್ಲಿ ಸಾಮಾನ್ಯ ಷೇರಿನ ಶೇ 18ಕ್ಕೂ ಹೆಚ್ಚು ಹಿಡಿದಿದ್ದವರೇ, ಲಾಭಾಂಶದಲ್ಲಿ ಮೊದಲ ಹಕ್ಕಿರುವ ಆದ್ಯತಾ ಷೇರುಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಹತ್ತನೆಯ ಒಂದು ಭಾಗ ಮುಟ್ಟದೆ, 2017ರಲ್ಲಿ ವಿನಾಯಿತಿಗಾಗಿ ಮೇಲ್ಮನವಿಯವರೆಗೆ ಹೋಗಬೇಕಾಯಿತು. ಹಂಚಿಕೆಯಾಗಿ ಮೂರು ವರ್ಷ ಇನ್ನೂ ತುಂಬಿರಲಿಲ್ಲವಾದ್ದರಿಂದ ಕಾಲಮಿತಿಯ ತಕರಾರು ಏಳಲಿಲ್ಲ.

ಅರ್ಜಿ ಬರೆಯುವಾಗ ನಾನು ಹೆಚ್ಚು ಹೊತ್ತು ಕಳೆದದ್ದು ಏನನ್ನು ಬಿಡಬೇಕು ಎಂಬುದರಲ್ಲಿ. ಗಂಡನ ನಿರ್ದೇಶಕ ಸ್ಥಾನ ಆಕೆಗೆ ಬರಬೇಕೆಂದು ಆಕೆಯ ತಮ್ಮ ಒತ್ತಾಯಿಸುತ್ತಿದ್ದರು. ನಿರ್ದೇಶಕ ಹುದ್ದೆಯಿಂದ ತೆಗೆದುಹಾಕಿದ್ದು ಅಷ್ಟರಿಂದಲೇ ದಬ್ಬಾಳಿಕೆಯಾಗದು ಎಂದು 2021ರ ಮಾರ್ಚ್ 26ರ ಸುಪ್ರೀಂ ಕೋರ್ಟಿನ ಟಾಟಾ ತೀರ್ಪು ಸ್ಪಷ್ಟಪಡಿಸಿದ ಮೇಲೆ, ಎಂದೂ ಹೊಂದಿರದ ಸ್ಥಾನವನ್ನು ಕೇಳಿದರೆ ಗಟ್ಟಿಯಾದ ದೂರು ಕೂಡ ತೆಳುವಾಗುತ್ತದೆ ಎಂದು ತಿಳಿಹೇಳಿ ಅದನ್ನು ಕೈಬಿಡಿಸಿದೆ. ಮದುವೆಮನೆಯಲ್ಲಿ ಆದ ಅವಮಾನದ ಮೂರು ಪ್ಯಾರಾಗಳೂ ಹೋದವು. ಸೇರಿಸಲೇಬೇಕಾದದ್ದು 242ನೆಯ ಸೆಕ್ಷನ್ ಕೇಳುವ ಒಂದು ವಾಕ್ಯ: ಕಂಪನಿಯನ್ನು ಮುಚ್ಚಿಸುವಷ್ಟು ಕಾರಣಗಳಿವೆ, ಆದರೆ ಮುಚ್ಚಿಸಿದರೆ ಅರ್ಜಿದಾರರಿಗೇ ಅನ್ಯಾಯವಾಗುತ್ತದೆ. ಇದನ್ನು ಬರೆಯದ ಅರ್ಜಿಗಳು ಈಗಲೂ ನನ್ನ ಮೇಜಿಗೆ ಬರುತ್ತಿರುತ್ತವೆ.

ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠದ ಮುಂದೆ ಮೊದಲು ಕೇಳಿದ್ದು ಮಧ್ಯಂತರ ಆದೇಶವನ್ನು: ಷೇರುಗಳ ಹಂಚಿಕೆಯಲ್ಲೂ ಸ್ಥಿರಾಸ್ತಿಯಲ್ಲೂ ಯಥಾಸ್ಥಿತಿ. ಅದು ಸಿಕ್ಕಿದ ಮೇಲೆ ಎದುರುಕಡೆಯವರ ಧಾಟಿ ಬದಲಾಯಿತು, ಏಕೆಂದರೆ ಹಳೆಯ ಶೆಡ್ಡಿನ ಜಾಗ ಮಾರುವ ಮಾತುಕತೆ ಅವರಲ್ಲಿ ನಡೆದಿತ್ತು.

ವಾದದ ದಿನ ಅವರು ಹಿಡಿದದ್ದು 1981ರ ನೀಡಲ್ ಇಂಡಸ್ಟ್ರೀಸ್ ತೀರ್ಪನ್ನು. ನೀಲಗಿರಿಯ ಆ ಸೂಜಿ ಕಂಪನಿಯಲ್ಲಿಯೂ ಷೇರು ಪ್ರಸ್ತಾಪದ ಪತ್ರ ಇಂಗ್ಲೆಂಡಿನ ಷೇರುದಾರರಿಗೆ ತಡವಾಗಿ ತಲುಪಿತ್ತು, ಆದರೂ ಸುಪ್ರೀಂ ಕೋರ್ಟ್ ಅದನ್ನು ದಬ್ಬಾಳಿಕೆ ಎನ್ನಲಿಲ್ಲ. ನಾನು ಅದೇ ತೀರ್ಪಿನ ಉಳಿದ ಭಾಗವನ್ನು ಓದಿದೆ. ಅಲ್ಲಿ ವಿದೇಶಿ ವಿನಿಮಯ ಕಾನೂನಿನ ಒತ್ತಾಯದಿಂದ ಭಾರತೀಯರ ಪಾಲನ್ನು ಹೆಚ್ಚಿಸಲೇಬೇಕಾಗಿತ್ತು. ಹೀಗಿದ್ದೂ ಅಗ್ಗದ ಷೇರಿನಿಂದ ಇನ್ನೊಂದು ಕಡೆಯವರಿಗೆ ಆದ ನಷ್ಟವನ್ನು ಹಣದಲ್ಲಿ ತುಂಬಿಕೊಡುವಂತೆ ನ್ಯಾಯಾಲಯ ಹೇಳಿತ್ತು. ಕಾನೂನಿನ ಅಕ್ಷರವನ್ನು ಪಾಲಿಸಿದ ಕೆಲಸವೂ ದಬ್ಬಾಳಿಕೆಯಾಗಬಹುದು ಎಂಬ ಮಾತು ಕೂಡ ಅದರಲ್ಲೇ ಇದೆ. ಸ್ವೀಕೃತಿ ಚೀಟಿ ಇದೆ, ಹೊಸ ಷೇರನ್ನು ಮೊದಲು ಇರುವ ಷೇರುದಾರರಿಗೆ ನೀಡಬೇಕೆನ್ನುವ ಸೆಕ್ಷನ್ 62 ಪಾಲನೆಯಾಗಿದೆ ಎಂಬ ಅವರ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ. ನಿರ್ದೇಶಕರು ತಮ್ಮ ಪಾಲು ಹಿಗ್ಗಿಸಿಕೊಳ್ಳಲು ಷೇರು ಹಂಚಿಕೊಳ್ಳುವುದು ನಂಬಿಕೆಯ ಹೊಣೆಗೆ ವಿರುದ್ಧ ಎಂದ ಡೇಲ್ ಅಂಡ್ ಕ್ಯಾರಿಂಗ್‌ಟನ್ ತೀರ್ಪನ್ನು ಕೊನೆಯಲ್ಲಿ ಇಟ್ಟೆ.

ವಾದ ಮುಗಿಯುವ ಮೊದಲೇ ರಾಜಿಯ ಮಾತು ಬಂತು. ಇಂತಹ ಪ್ರಕರಣಗಳಲ್ಲಿ ಗೆದ್ದು ಒಳಗೆ ಉಳಿಯುವುದಕ್ಕಿಂತ ಸರಿಯಾದ ಬೆಲೆಗೆ ಹೊರಬರುವುದು ಮೇಲು ಎಂಬುದು ನನ್ನ ಅಭಿಪ್ರಾಯ, ಆಕೆಗೂ ಅದೇ ಬೇಕಾಗಿತ್ತು. ಆದರೆ ಬೆಲೆಯ ಜಗಳವೆಂದರೆ ನಿಜವಾಗಿ ತಾರೀಖಿನ ಜಗಳ. ನೋಂದಾಯಿತ ಮೌಲ್ಯಮಾಪಕರು ಯಾರಾದರೂ ಆಗಲಿ, ಮೌಲ್ಯ ಕಟ್ಟುವುದು ಹಂಚಿಕೆಗೆ ಮುಂಚಿನ ಮಾರ್ಚ್ 31ಕ್ಕೆ, ಪಾಲು ಮೂರನೆಯ ಒಂದು, ಕಡಿಮೆ ಪಾಲೆಂದು ಬೆಲೆಯಲ್ಲಿ ಕಡಿತ ಕೂಡದು, ಈ ಮೂರನ್ನು ಬರೆಸಿಕೊಂಡ ಮೇಲೆಯೇ ಮುಂದಿನ ಮಾತಿಗೆ ಕೂತೆವು. ಅಷ್ಟೇ ಮುಖ್ಯವಾದದ್ದು ಬ್ಯಾಂಕ್. ಕಂಪನಿಯ ಓಡಿ (ಓವರ್‌ಡ್ರಾಫ್ಟ್) ಸಾಲಕ್ಕೆ ಗಂಡ ವೈಯಕ್ತಿಕ ಜಾಮೀನು ಹಾಕಿದ್ದರು, ಮನೆಯ ಪತ್ರಗಳು ಬ್ಯಾಂಕಿನಲ್ಲಿದ್ದವು. ಷೇರು ಬಿಟ್ಟುಕೊಟ್ಟು ಸಾಲದ ಹೊಣೆಯನ್ನು ಮನೆಯ ಮೇಲೆ ಉಳಿಸಿಕೊಂಡ ವಿಧವೆಯರನ್ನು ನಾನು ಕಂಡಿದ್ದೇನೆ. ಆದ್ದರಿಂದ ಜಾಮೀನು ಬಿಡುಗಡೆಯ ಬ್ಯಾಂಕ್ ಪತ್ರ ಕೈಗೆ ಬಂದ ನಂತರವೇ ಷೇರು ವರ್ಗಾವಣೆಯ ನಮೂನೆಗೆ ಸಹಿ ಎಂಬ ಷರತ್ತು ಹಾಕಿದೆವು.

ಒಪ್ಪಂದವನ್ನು ನ್ಯಾಯಮಂಡಳಿಯ ಆದೇಶದ ಭಾಗವಾಗಿಸಿ, ಪ್ರಮಾಣೀಕೃತ ಪ್ರತಿಯನ್ನು 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಲ್ಲಿ ದಾಖಲಿಸಿದ್ದಾಯಿತು. ಹಣ ಕಂತಿನಲ್ಲಿ ಬರಬೇಕಿತ್ತು. ಕೊನೆಯ ಕಂತಿಗೆ ಮೈದುನ ನೆಪ ಹೇಳತೊಡಗಿದಾಗ, ನ್ಯಾಯಮಂಡಳಿಯ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದೆನ್ನುವ 424ನೆಯ ಸೆಕ್ಷನ್ನಿನ ಆಧಾರದಲ್ಲಿ ಜಾರಿ ಅರ್ಜಿ ಹಾಕಿದೆ. ಅದು ವಿಚಾರಣೆಗೆ ಬರುವ ಮೊದಲೇ ಬಡ್ಡಿ ಸಮೇತ ಹಣ ಆಕೆಯ ಖಾತೆಗೆ ಬಂತು.