ಕೆಲಸಕ್ಕೆ ಆರು ತಿಂಗಳ ವಿರಾಮ: ಒಂದೂರಲ್ಲಿ ಠಿಕಾಣಿ ಹೂಡಿ ಸುತ್ತುವ ಬಗೆ

ಉದ್ದನೆಯ ಬಿಡುವು ಸಿಕ್ಕ ಕೂಡಲೇ ಕೈ ಹೋಗುವುದು ಪಟ್ಟಿಗೆ: ಹತ್ತು ದಿನ, ಎಂಟು ಊರು. ಅದು ಸಣ್ಣ ರಜೆಗೆ ಒಗ್ಗುವ ಲೆಕ್ಕ. ಆರು ತಿಂಗಳಿಗೆ ಅದನ್ನೇ ಎಳೆದರೆ ದುಡ್ಡು ಎರಡನೇ ತಿಂಗಳಿಗೆ ಖಾಲಿ, ಮೈ ಅದಕ್ಕೂ ಮೊದಲೇ ಸುಸ್ತು. ನಾನು ಹಿಡಿದ ದಾರಿ ಬೇರೆ. ಒಂದು ಮಧ್ಯಮ ಗಾತ್ರದ ಊರಲ್ಲಿ ಎರಡು ವಾರ ರೂಮು ಹಿಡಿಯುವುದು, ದಿನ ಬಿಟ್ಟು ದಿನ ಕೆಂಪು ಬಸ್ಸಿನಲ್ಲಿ ಸುತ್ತಲಿನ ಒಂದೊಂದು ಜಾಗ ನೋಡುವುದು, ಆಮೇಲೆ ಹತ್ತು ದಿನ ಮನೆ. ಸೆಪ್ಟೆಂಬರಿನಿಂದ ಫೆಬ್ರವರಿ ತನಕ ಹೀಗೇ ನಡೆಯಿತು. ಹೆಚ್ಚು ದಿನ ಕಳೆದದ್ದು ಶಿರಸಿ ಮತ್ತು ಬಾದಾಮಿಯಲ್ಲಿ, ಹಾಗಾಗಿ ಇಲ್ಲಿನ ವಿವರವೆಲ್ಲ ಆ ಎರಡು ಊರುಗಳದ್ದು.

ಹೊರಡುವ ಮೊದಲಿನ ಕಾಗದಪತ್ರದ ಕೆಲಸದಲ್ಲಿ ತಪ್ಪಬಾರದ್ದು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಹೊಸದಾಗಿ ತೆಗೆದುಕೊಂಡ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟರೆ ಬೇರೆ ಕಾಯಿಲೆಗೆ ಹಣ ಬರುವುದಿಲ್ಲ. ಆದ್ದರಿಂದ ಸ್ವಂತ ಪಾಲಿಸಿ ಕೆಲಸ ಬಿಡುವುದಕ್ಕೆ ಕನಿಷ್ಠ ಒಂದೂವರೆ ತಿಂಗಳು ಮೊದಲೇ ಕೈಯಲ್ಲಿರಬೇಕು. ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಳ್ಳಲು ಆಗುತ್ತದೆಯೇ ಎಂದು ಎಚ್‌ಆರ್ ವಿಭಾಗದಲ್ಲಿ ಲಿಖಿತವಾಗಿ ಕೇಳಿ. ಹಾಗೆ ಬದಲಾದರೆ ಈಗಾಗಲೇ ಕಳೆದ ಕಾಯುವ ಅವಧಿ ಲೆಕ್ಕಕ್ಕೆ ಬರುತ್ತದೆ. ಪಿಎಫ್ ಹಣ ಮುಟ್ಟಬೇಡಿ. ಐದು ವರ್ಷದ ಸತತ ಸೇವೆಗೆ ಮೊದಲು ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ. ಹೊಸ ಕೆಲಸ ಸಿಕ್ಕಾಗ ಅದೇ ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಕೆಳಗೆ ವರ್ಗಾಯಿಸಿಕೊಳ್ಳಬಹುದು. ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಿದೆಯೋ ಇಲ್ಲವೋ ಅಷ್ಟು ಮಾತ್ರ ನೋಡಿಕೊಳ್ಳಿ. ಇನ್ನೊಂದು ಸಣ್ಣ ಸಂಗತಿ: ಕೆಲವು ತಿಂಗಳು ಸಂಬಳ ಬೀಳದಿದ್ದರೆ ಸಂಬಳದ ಖಾತೆ ಮಾಮೂಲಿ ಉಳಿತಾಯ ಖಾತೆಯಾಗಿ, ಕನಿಷ್ಠ ಮೊತ್ತ ಇಲ್ಲವೆಂದು ಕೆಲವು ಬ್ಯಾಂಕುಗಳಲ್ಲಿ ದಂಡ ಶುರುವಾಗಬಹುದು. ಸಾಲದ ಕಂತುಗಳಿದ್ದರೆ ಆರು ತಿಂಗಳದ್ದನ್ನೂ ಒಟ್ಟಿಗೆ ಬೇರೆ ಖಾತೆಯಲ್ಲಿ ಹಾಕಿಟ್ಟು, ಆ ಖಾತೆಯ ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಕ್ಷೇಮ.

ಯಾವ ತಿಂಗಳಿಗೆ ಯಾವ ಊರು ಎಂಬುದು ಉಳಿದೆಲ್ಲಕ್ಕಿಂತ ಮುಖ್ಯ. ಜುಲೈ, ಆಗಸ್ಟಿನಲ್ಲಿ ಘಟ್ಟದ ದಾರಿಗಳನ್ನು ನಂಬಿ ಯೋಜನೆ ಹಾಕಬಾರದು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಮಳೆ ಜೋರಾದ ವಾರಗಳಲ್ಲಿ ಘಟ್ಟದ ರಸ್ತೆಗಳು ಒಂದಲ್ಲ ಒಂದು ಬಂದ್ ಆಗುತ್ತಲೇ ಇರುತ್ತವೆ. ಸೆಪ್ಟೆಂಬರ್ ಕೊನೆಗೆ ಮಳೆ ಬಿಟ್ಟು ಬಿಟ್ಟು ಬರುತ್ತದೆ, ಹಗಲಿಗೆ ಮೂರು ನಾಲ್ಕು ತಾಸು ಬಿಡುವು ಸಿಗುತ್ತದೆ, ಜಲಪಾತಗಳು ಇನ್ನೂ ತುಂಬಿರುತ್ತವೆ. ಶಿರಸಿಗೆ ಅದೇ ಹೊತ್ತು. ಆದರೆ ಶಾಲ್ಮಲೆ ನದಿಯ ಬಂಡೆಗಳಲ್ಲಿ ಕೆತ್ತಿದ ಸಹಸ್ರಲಿಂಗ ಆಗ ನೀರಿನಡಿ ಇರುತ್ತದೆ. ಅದನ್ನು ನೋಡಲೆಂದೇ ಹೋಗುವವರು ಡಿಸೆಂಬರ್ ತನಕ ಕಾಯಬೇಕು. ಬಾದಾಮಿಗೆ ನವೆಂಬರಿನಿಂದ ಫೆಬ್ರವರಿ ಮೊದಲ ವಾರದವರೆಗೆ ಚೆನ್ನ. ಮಾರ್ಚಿ ಹೊತ್ತಿಗೆ ಆ ಮರಳುಗಲ್ಲಿನ ಗುಡ್ಡ ಮಧ್ಯಾಹ್ನ ಕಾದ ಹೆಂಚಾಗಿರುತ್ತದೆ.

ಜಾತ್ರೆಗಳ ತಿಥಿಯನ್ನೂ ನೋಡಿಕೊಳ್ಳಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ–ಮಾರ್ಚಿನಲ್ಲಿ ನಡೆಯುತ್ತದೆ, ಆಗ ರೂಮಿನ ಮಾತೇ ಇಲ್ಲ. ಬಾದಾಮಿ ಪಕ್ಕದ ಬನಶಂಕರಿ ಜಾತ್ರೆ ಜನವರಿ ಹೊತ್ತಿನ ಬನದ ಹುಣ್ಣಿಮೆಗೆ ಶುರುವಾಗಿ ವಾರಗಟ್ಟಲೆ ನಡೆಯುತ್ತದೆ. ರೂಮು ದುಬಾರಿಯಾದರೂ ಅದಕ್ಕೆ ಹೋಗಲೇಬೇಕು ಎಂದು ನಾನು ಹೇಳುತ್ತೇನೆ. ಅಷ್ಟು ನಾಟಕ ಕಂಪನಿಗಳು ಒಂದೇ ಬಯಲಲ್ಲಿ ಡೇರೆ ಹಾಕಿ ರಾತ್ರಿಯಿಡೀ ಆಡುವುದನ್ನು ಬೇರೆಲ್ಲೂ ಕಾಣಲಾಗದು. ರೂಮನ್ನು ಒಂದು ತಿಂಗಳು ಮೊದಲೇ ಮುಂಗಡ ಕೊಟ್ಟು ಹಿಡಿದಿಡಿ.

ಶಿರಸಿಗೆ ರೈಲಿಲ್ಲ. ಬೆಂಗಳೂರಿನಿಂದ ರಾತ್ರಿ ತಾಳಗುಪ್ಪದ ರೈಲು ಹಿಡಿದು, ಬೆಳಿಗ್ಗೆ ಅಲ್ಲಿಂದ ಸಿದ್ದಾಪುರದ ಮೇಲೆ ಬಸ್ಸಿನಲ್ಲಿ ಬರಬಹುದು. ಬಾದಾಮಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರ ಹೋಗುತ್ತದೆ. ಸ್ಟೇಷನ್ನಿನಿಂದ ಊರು ಸುಮಾರು 5 ಕಿ.ಮೀ., ಶೇರ್ ಆಟೋ ಇರುತ್ತದೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಬಿಡುವಿನಲ್ಲಿರುವವರಿಗೆ ಒಂದು ಅನುಕೂಲವಿದೆ, ಶುಕ್ರವಾರ ಹೋಗಿ ಭಾನುವಾರ ಬರಬೇಕಾದ ಒತ್ತಡವಿಲ್ಲ. ಮಂಗಳವಾರ, ಬುಧವಾರ ಹೊರಟರೆ ಸ್ಲೀಪರಿನಲ್ಲಿ ಸೀಟು ಸಿಗುವ ಸಾಧ್ಯತೆ ಎಷ್ಟೋ ಮೇಲು.

ಈಗ ಹಳ್ಳಿ ಬಸ್ಸಿನ ವಿಷಯ. ಎಲ್ಲರೂ ತಪ್ಪುವುದು ಇಲ್ಲೇ, ಮತ್ತು ಇದು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಮಲೆನಾಡಿನ ಒಳರಸ್ತೆಗಳ ಬಸ್ಸು ಪ್ರವಾಸಿಗಾಗಿ ಓಡುವುದಲ್ಲ, ಶಾಲೆ ಕಾಲೇಜಿನ ಮಕ್ಕಳಿಗಾಗಿ ಓಡುವುದು. ಬೆಳಿಗ್ಗೆ ಆರು, ಆರೂವರೆಗೆ ಪೇಟೆ ಬಿಟ್ಟು ಹಳ್ಳಿಗೆ ಹೋಗುತ್ತದೆ, ಮಕ್ಕಳನ್ನು ತುಂಬಿಕೊಂಡು ಒಂಬತ್ತರೊಳಗೆ ಪೇಟೆಗೆ ಮರಳುತ್ತದೆ. ಆಮೇಲೆ ಮಧ್ಯಾಹ್ನ ಒಂದು ಟ್ರಿಪ್ಪು ಇದ್ದರೆ ಉಂಟು. ಸಂಜೆ ಐದರ ಮೇಲೆ ಮಕ್ಕಳನ್ನು ಬಿಡಲು ಹೊರಟ ಬಸ್ಸು ಬಹಳ ಕಡೆ ವಸ್ತಿ ಬಸ್ಸು, ಅಂದರೆ ರಾತ್ರಿ ಹಳ್ಳಿಯಲ್ಲೇ ನಿಂತು ಮರುದಿನ ಬೆಳಿಗ್ಗೆ ಬರುವಂಥದು. ಅದು ಎದುರು ಬರುವುದು ಕಂಡು ‘ತಿರುಗಿ ಬರುವಾಗ ಹತ್ತೋಣ’ ಎಂದು ನಿಂತರೆ ರಾತ್ರಿಯಿಡೀ ನಿಂತಿರಬೇಕು. ಭಾನುವಾರ, ದಸರಾ ರಜೆಯಲ್ಲಿ ಇವುಗಳಲ್ಲಿ ಎಷ್ಟೋ ಟ್ರಿಪ್ಪು ರದ್ದು.

ಹೀಗಾಗಿ ಹಿಂದಿನ ಸಂಜೆ ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳುವುದು ನಿಯಮವಾಗಿತ್ತು. ‘ನಾಳೆ ಅಲ್ಲಿಂದ ವಾಪಸ್ ಕೊನೇ ಬಸ್ಸು ಎಷ್ಟೊತ್ತಿಗೆ?’ ಮತ್ತು ‘ನಾಳೆ ಅದನ್ನ ಬಿಡ್ತಾರಾ?’ ಎರಡನೆಯ ಪ್ರಶ್ನೆಯೇ ದೊಡ್ಡದು. ಬೋರ್ಡಿನಲ್ಲಿ ಬರೆದದ್ದು ಮಂಜೂರಾದ ವೇಳೆ, ಕಂಟ್ರೋಲರ್ ಬಾಯಲ್ಲಿ ಬರುವುದು ನಿಜವಾದ ವೇಳೆ. ಹಳ್ಳಿಯಲ್ಲಿ ಇಳಿಯುವಾಗ ಅದೇ ಪ್ರಶ್ನೆಯನ್ನು ಕಂಡಕ್ಟರಿಗೂ, ನಿಲ್ದಾಣದೆದುರಿನ ಅಂಗಡಿಯವರಿಗೂ ಕೇಳಬೇಕು. ಮೂರು ಉತ್ತರ ಬಂದರೆ ಅತಿ ಮೊದಲಿನ ವೇಳೆಯನ್ನೇ ಹಿಡಿಯಿರಿ. ಹತ್ತು, ಇಪ್ಪತ್ತರ ನೋಟು ಸಾಕಷ್ಟು ಇಟ್ಟುಕೊಳ್ಳಿ. ಯುಪಿಐ ತೆಗೆದುಕೊಳ್ಳುವ ಬಸ್ಸುಗಳಿವೆ, ಆದರೆ ಘಟ್ಟದ ತಿರುವಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ದೊಡ್ಡ ನೋಟು ಕೊಟ್ಟರೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡುತ್ತಾರೆ, ಇಳಿಯುವ ಎರಡು ನಿಲ್ದಾಣ ಮೊದಲೇ ಕೇಳಿ ಪಡೆಯಬೇಕು. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಈ ಕೆಂಪು ಬಸ್ಸುಗಳಲ್ಲಿ ಟಿಕೆಟ್ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸದು. ಹೆಂಗಸರಿಗೆ ಈ ಬಗೆಯ ತಿರುಗಾಟದಲ್ಲಿ ಓಡಾಟದ ಖರ್ಚೇ ಬಹುಪಾಲು ಇಲ್ಲವಾಗುತ್ತದೆ.

ಶಿರಸಿಯಿಂದ ಬಸ್ಸು ಸುಲಭವಿರುವುದು ಬನವಾಸಿಗೆ, ಸುಮಾರು 24 ಕಿ.ಮೀ. ಮಧುಕೇಶ್ವರ ದೇವಸ್ಥಾನ ನೋಡಿ, ವರದಾ ನದಿ ದಂಡೆಗೆ ಹೋಗಿ ಬಂದರೂ ಅರ್ಧ ದಿನ ಸಾಕು. ಸೋಂದಾ ಕೂಡ ಹಾಗೆಯೇ. ಯಾಣಕ್ಕೆ ಬಸ್ಸು ನೆಚ್ಚಿಕೊಂಡರೆ ದಿನವಿಡೀ ಬೇಕು, ಇಬ್ಬರು ಮೂವರು ಸೇರಿ ಆಟೋ ಅಥವಾ ಜೀಪು ಮಾಡುವುದೇ ವಾಸಿ. ಉಂಚಳ್ಳಿ ಜಲಪಾತಕ್ಕೂ ಅಷ್ಟೇ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಾಡುದಾರಿಯಲ್ಲಿ ಉಂಬಳ (ಜಿಗಣೆ) ತಪ್ಪದು. ಬಟ್ಟೆಯ ಸಣ್ಣ ಗಂಟಿನಲ್ಲಿ ಉಪ್ಪು ಕಟ್ಟಿಟ್ಟುಕೊಂಡು ಒದ್ದೆ ಮಾಡಿ ಮುಟ್ಟಿಸಿದರೆ ತಾನಾಗಿ ಬಿಡುತ್ತದೆ. ಎಳೆದು ಕೀಳಬೇಡಿ, ಗಾಯ ತುರಿಸುತ್ತ ವಾರ ಕಾಡುತ್ತದೆ. ಡಿಸೆಂಬರಿನ ನಂತರದ ಅಪಾಯ ಉಣುಗು (ಉಣ್ಣೆ). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಅದರ ಕಾಲ ಬೇಸಿಗೆ ಮುಗಿಯುವವರೆಗೂ ಇದೆ. ಆ ತಿಂಗಳುಗಳಲ್ಲಿ ತರಗೆಲೆ ಮೇಲೆ ಕೂರುವುದು ಬೇಡ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಕಾಲಿಡಬಾರದು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು.

ಬಾದಾಮಿಯಲ್ಲಿ ಲೆಕ್ಕ ಬೆಳಕಿನದು. ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ, ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಒಳಗೆ ನೇರ ಬಿಸಿಲು ಬೀಳುವುದಿಲ್ಲ. ಹೊರಗಿನ ಪ್ರಖರತೆಯಿಂದ ಒಳಹೊಕ್ಕ ಕಣ್ಣಿಗೆ ಐದು ನಿಮಿಷ ಏನೂ ಕಾಣದು. ಆ ಐದು ನಿಮಿಷ ಕಂಬಕ್ಕೆ ಒರಗಿ ಸುಮ್ಮನೆ ನಿಂತರೆ ಮೂರನೇ ಗುಹೆಯ ಕಂಬಗಳ ತಲೆಯ ಚಾಚುಗಳ ಮೇಲಿನ ಜೋಡಿ ಶಿಲ್ಪಗಳು ಒಂದೊಂದಾಗಿ ಹೊರಬರುತ್ತವೆ. ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನ ಇರುವ ಗುಹೆ ಅದು. ಕೆರೆಯ ಮೂಡಣ ತುದಿಯ ಭೂತನಾಥ ಗುಡಿಗೆ ಪಡುವಣ ಬೆಳಕು, ನಾಲ್ಕರ ಮೇಲೆ ಹೋಗಬೇಕು. ಐಹೊಳೆಯ ದುರ್ಗದ ಗುಡಿ ಮೂಡಣ ಮುಖದ್ದು, ಅದಕ್ಕೆ ಬೆಳಗಿನ ಬಸ್ಸೇ ಆಗಬೇಕು. ಪಟ್ಟದಕಲ್ಲು 22 ಕಿ.ಮೀ., ಐಹೊಳೆ ಅದರಾಚೆ. ಎರಡನ್ನೂ ಒಂದೇ ದಿನಕ್ಕೆ ತುರುಕದೆ ಎರಡು ದಿನ ಮಾಡಿಕೊಂಡರೆ ಐಹೊಳೆಯ ಮೇಗುತಿ ಗುಡ್ಡ ಹತ್ತಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ 634ರ ಶಾಸನದ ಮುಂದೆ ಕೂರಲು ಸಮಯ ಸಿಗುತ್ತದೆ. ಬಾದಾಮಿ, ಐಹೊಳೆಯ ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ. ಗುಹೆ ಮೆಟ್ಟಿಲಲ್ಲಿ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಮಂಗ ಕಿತ್ತುಕೊಳ್ಳುತ್ತದೆ, ಎಲ್ಲವೂ ಬೆನ್ನಿನ ಬ್ಯಾಗಿನೊಳಗೆ ಇರಲಿ.

ಜಾತ್ರೆಯ ಹೊತ್ತು ಬಿಟ್ಟರೆ ರೂಮನ್ನು ಫೋನಿನಲ್ಲಿ ಎರಡು ವಾರಕ್ಕೆ ಹಿಡಿಯಬೇಡಿ. ಮೊದಲ ರಾತ್ರಿ ದಿನಬಾಡಿಗೆಗೆ ಇದ್ದು, ನೀರು, ಸದ್ದು, ಕಿಟಕಿ ನೋಡಿ, ಮರುದಿನ ಬೆಳಿಗ್ಗೆ ವಾರದ ದರ ಮಾತಾಡಿ. ‘ದಿನಾ ಹಾಸಿಗೆ ಬದಲಿಸುವುದು ಬೇಡ, ಎಸಿ ಬೇಡ, ವಾರದ ದುಡ್ಡು ಮುಂಗಡ’ ಎಂದರೆ ಲಾಡ್ಜಿನವರು ಇಳಿಸುತ್ತಾರೆ. ಗುರುತಿಗೆ ಆಧಾರಿನ ಮೊದಲ ಎಂಟು ಅಂಕಿ ಮರೆಯಾದ ಪ್ರತಿಯನ್ನು ಕೊಡಿ. ಮೂಲೆ ರೂಮು ಕೇಳಿ ಪಡೆಯಿರಿ, ಎರಡು ಕಡೆ ಕಿಟಕಿ ಇದ್ದರೆ ಬಟ್ಟೆ ಒಣಗುತ್ತದೆ. ಮಲೆನಾಡಿನಲ್ಲಿ ಅದು ಸಣ್ಣ ಮಾತಲ್ಲ. ಜೀನ್ಸ್ ಮೂರು ದಿನವಾದರೂ ಒಣಗದು, ತೆಳು ಪಾಲಿಯೆಸ್ಟರ್ ಪ್ಯಾಂಟು ಫ್ಯಾನಿನಡಿ ಒಂದು ರಾತ್ರಿಗೆ ಒಣಗುತ್ತದೆ. ದಪ್ಪ ಟರ್ಕಿ ಟವೆಲ್ ಬದಲು ತೆಳು ಬೈರಾಸು ಎರಡು. ಒಗೆದದ್ದನ್ನು ಹಿಂಡಿ, ಒಣ ಬೈರಾಸಿನಲ್ಲಿ ಸುತ್ತಿ ಮತ್ತೊಮ್ಮೆ ತಿರುಚಿ ಹಿಂಡಿದರೆ ಅರ್ಧ ಕೆಲಸ ಆದಂತೆ.

ಊಟ ಹೊರಗೆ ಒಂದು ಹೊತ್ತು ಸಾಕು. ಬಾದಾಮಿಯಲ್ಲಿ ಖಾನಾವಳಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರುವಾಗ ಮಧ್ಯಾಹ್ನದ ಚಿಂತೆಯೇ ಇಲ್ಲ. ಎರಡು ವಾರ ಮೂರೂ ಹೊತ್ತು ಹೋಟೆಲಿನ ಎಣ್ಣೆ ಮಾತ್ರ ಹೊಟ್ಟೆಗೆ ಆಗದು. ರೂಮಿಗೆ ಕೆಟಲ್ ಒಯ್ಯುವುದಾದರೆ ವ್ಯಾಟ್ ನೋಡಿ. ಲಾಡ್ಜಿನ ಸಣ್ಣ ಸಾಕೆಟ್ 6 ಆಂಪಿಯರಿನದು, 230 ವೋಲ್ಟಿಗೆ 1380 ವ್ಯಾಟ್ ಅದರ ಮಿತಿ. ಮನೆಯ 1500 ವ್ಯಾಟಿನ ಕೆಟಲ್ ಹಾಕಿದರೆ ಫ್ಯೂಸ್ ಹಾರಬಹುದು, ಇಲ್ಲವೇ ಸಾಕೆಟ್ ಕಮಟಬಹುದು. 600 ವ್ಯಾಟಿನ ಅರ್ಧ ಲೀಟರಿನದು ಸಾಕು, ಲಾಡ್ಜಿನವರ ಒಪ್ಪಿಗೆ ಕೇಳಿಯೇ ಬಳಸಿ. ಅದರಲ್ಲಿ ನೀರು ಮಾತ್ರ, ಹಾಲು ಕಾಯಿಸಿದರೆ ತಳ ಹಿಡಿಯುತ್ತದೆ.

ರಾತ್ರಿಯ ನುಚ್ಚಿನ ಗಂಜಿಗೆ ಅರ್ಧ ಲೀಟರಿನ ಸ್ಟೀಲ್ ಫ್ಲಾಸ್ಕೇ ಪಾತ್ರೆ. 60 ಗ್ರಾಂ ಅಕ್ಕಿನುಚ್ಚು ತೊಳೆದು ಅರ್ಧ ತಾಸು ನೆನೆಸಿ. ಫ್ಲಾಸ್ಕಿಗೆ ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ. ನುಚ್ಚು ಹಾಕಿ, ಹೊಸದಾಗಿ ಕುದಿಸಿದ ನೀರನ್ನು ಬಾಯಿಂದ ಒಂದು ಅಂಗುಲ ಕೆಳಗಿನವರೆಗೆ ಹೊಯ್ದು ಮುಚ್ಚಿ. ಹತ್ತು ನಿಮಿಷಕ್ಕೆ ಒಮ್ಮೆ ಅಲುಗಿಸಬೇಕು, ಇಲ್ಲದಿದ್ದರೆ ತಳದಲ್ಲಿ ಗಂಟು ಕಟ್ಟುತ್ತದೆ. ಒಂದೂವರೆ ತಾಸಿಗೆ ಬೆಂದಿರುತ್ತದೆ. ಜೊತೆಗೆ ಉಪ್ಪು, ಮಜ್ಜಿಗೆ, ಅಪ್ಪೆಮಿಡಿ ಉಪ್ಪಿನಕಾಯಿ. ಬೇಯದೆ ಉಳಿದರೆ ಕಾರಣ ಎರಡರಲ್ಲೊಂದು: ಫ್ಲಾಸ್ಕನ್ನು ಮೊದಲು ಬಿಸಿ ಮಾಡದ್ದು, ಅಥವಾ ಅರ್ಧವಷ್ಟೇ ತುಂಬಿಸಿದ್ದು. ಬೆಳಿಗ್ಗೆಗೆಂದು ಅದರಲ್ಲೇ ಬಿಡಬೇಡಿ, ಉಗುರುಬೆಚ್ಚಗಿನ ಅನ್ನ ಬೇಗ ಕೆಡುತ್ತದೆ. ತಿಂದ ಕೂಡಲೇ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯಿರಿ.

ನಡುವಿನ ಹತ್ತು ದಿನ ಮನೆ ಎಂದೆನಲ್ಲ, ಅದಕ್ಕೂ ಮೊದಲೇ ಕೆಲಸ ಗೊತ್ತು ಮಾಡಿಟ್ಟುಕೊಳ್ಳಬೇಕು. ಪ್ರತಿ ಸರದಿಗೆ ಒಂದೇ ಕಚೇರಿ ಕೆಲಸ: ಒಮ್ಮೆ ಪಾಸ್‌ಪೋರ್ಟ್, ಒಮ್ಮೆ ಡ್ರೈವಿಂಗ್ ಲೈಸೆನ್ಸ್, ಒಮ್ಮೆ ಅಪ್ಪ ಅಮ್ಮನ ಕಣ್ಣು ತಪಾಸಣೆ. ಬೆಳಿಗ್ಗೆ ಏಳುವ ಹೊತ್ತು ಊರಲ್ಲೂ ಮನೆಯಲ್ಲೂ ಒಂದೇ ಇರಲಿ, ಅದು ತಪ್ಪಿದರೆ ಮೊದಲ ನಾಲ್ಕು ದಿನ ಹಾಸಿಗೆಯಲ್ಲೇ ಹೋಗುತ್ತದೆ. ಬಂದ ದಿನವೇ ಬ್ಯಾಗನ್ನು ಒಳಗು ಹೊರಗು ಮಾಡಿ ಬಿಸಿಲಿಗೆ ಹಾಕಿ, ಬೆಲ್ಟು ಮತ್ತು ಚಪ್ಪಲಿಯ ಬೂಷ್ಟನ್ನು ಒಣಬಟ್ಟೆಯಲ್ಲಿ ಒರೆಸಿ. ಮುಂದಿನ ಊರು ಬಾದಾಮಿಯಾದರೆ ಕೊಡೆ ತೆಗೆದು ಟೋಪಿ ಹಾಕಿಡಿ, ಉಪ್ಪಿನ ಗಂಟು ಬೇಡ, ನೀರಿನ ಬಾಟಲಿ ಎರಡಾಗಲಿ.