ಕಾರಿಗೆ ಪೇಂಟ್: ನೀವೇ ಹೊಡೆಯೋದಾ, ಹೊಡೆಸೋದಾ?

ಇಡೀ ಕಾರಿಗೆ ಮನೆಯಲ್ಲೇ ಪೇಂಟ್ ಹೊಡೆಯಬೇಕು ಅಂತ ಹೊರಟಿದ್ದರೆ, ಬೇಡ. ಬಂಪರಿನ ಮೂಲೆ, ಬಾಗಿಲಿನ ಕೆಳಭಾಗ, ಚಕ್ರದ ಮೇಲಿನ ಅಂಚಿನಲ್ಲಿ ಈಗ ತಾನೇ ತಲೆ ಹಾಕಿರುವ ತುಕ್ಕು, ಇಂಥದ್ದಾದರೆ ಧಾರಾಳವಾಗಿ ಕೈ ಹಾಕಿ. ನಾನು ಎರಡು ಸಲ ಹಾಕಿದ್ದೇನೆ. ಬಿಳಿ ಕಾರಿನ ಬಾಗಿಲಿನ ಕೆಳಗೆ ಮಾಡಿದ್ದು ಎಷ್ಟು ಚೆನ್ನಾಗಿ ಬಂತೆಂದರೆ, ಆಮೇಲೆ ನನಗೇ ಜಾಗ ಹುಡುಕಬೇಕಾಯಿತು. ಆ ಧೈರ್ಯದಲ್ಲಿ ಇನ್ನೊಂದು ಕಾರಿನ ಬೆಳ್ಳಿ ಬಣ್ಣದ ಮೆಟಾಲಿಕ್ ಬಾನೆಟ್‌ಗೆ ಕೈ ಹಾಕಿದೆ. ನೆರಳಲ್ಲಿ ಸೊಗಸಾಗಿತ್ತು. ಬಿಸಿಲಿಗೆ ತಂದು ನಿಲ್ಲಿಸಿದ ತಕ್ಷಣ ಅಡ್ಡಡ್ಡ ಪಟ್ಟೆ ಕಾಣಿಸಿಕೊಂಡಿತು, ಹುಲಿ ಮೈಯ ಹಾಗೆ. ಕೊನೆಗೆ ದುಡ್ಡು ಕೊಟ್ಟು ಅದನ್ನು ಉಜ್ಜಿಸಿ ಮತ್ತೆ ಹೊಡೆಸಿದೆ.

ಅದಕ್ಕೇ ಹೇಳೋದು, ಖರ್ಚಿನ ಲೆಕ್ಕ ಆಮೇಲೆ. ಯಾವ ಜಾಗ, ಯಾವ ಬಣ್ಣ, ಇವೆರಡನ್ನು ಮೊದಲು ನೋಡಿ.

ಅದಕ್ಕೂ ಮುಂಚೆ, ಪೇಂಟ್ ನಿಜವಾಗಿಯೂ ಬೇಕಾ ಅಂತ ನೋಡಿಕೊಳ್ಳಿ. ಗೀರಿನ ಮೇಲೆ ಅಡ್ಡವಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಅದು ಬಣ್ಣದ ಮೇಲಿರುವ ಪಾರದರ್ಶಕ ಪದರದಲ್ಲಷ್ಟೇ, ಅಂದರೆ ಕ್ಲಿಯರ್ ಕೋಟ್‌ನಲ್ಲಷ್ಟೇ ಇದೆ, ಪಾಲಿಶ್‌ನಲ್ಲೇ ಹೋಗುತ್ತದೆ. ನೀರು ಸವರಿದಾಗ ಗೀರು ಮಾಯವಾಗಿ ಒಣಗಿದ ಮೇಲೆ ಮತ್ತೆ ಕಂಡರೂ ಅದೇ ಅರ್ಥ. ಹಾಗೆಯೇ ತಗಡು ನೆಗ್ಗಿದ್ದು ಪೇಂಟ್ ಬಿರುಕು ಬಿಟ್ಟಿಲ್ಲ ಅಂದರೆ, ಹಿಂದಿನಿಂದ ಒತ್ತಿ ಎತ್ತುವವರು ಇರುತ್ತಾರೆ, ಅವರ ಹತ್ತಿರ ಹೋಗಿ. ಕಂಪನಿ ಹೊಡೆದ ಪೇಂಟನ್ನು ಉಳಿಸಿಕೊಳ್ಳುವುದೇ ಲಾಭ. ಪ್ರೈಮರ್ (ಬಣ್ಣದ ಕೆಳಗಿನ ತಳಕೋಟು), ಬಣ್ಣ, ಕ್ಲಿಯರ್ ಎಲ್ಲ ಸೇರಿ ಅದರ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಹೆಚ್ಚು ಕಡಿಮೆ ಒಂದು ಹಾಳೆ ಕಾಗದದಷ್ಟು. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಮೂರನೇ ಒಂದು ಭಾಗದಷ್ಟು. ಪಾಲಿಶ್ ಮಾಡುವಾಗಲೂ ಇದು ನೆನಪಿರಲಿ, ಸುಮ್ನೆ ಉಜ್ಜುತ್ತಾ ಹೋದರೆ ತಳ ಕಾಣುತ್ತದೆ.

ಈಗ ಜಾಗದ ವಿಷಯ. ನಿಂತಿರುವ ಭಾಗ ಕ್ಷಮಿಸುತ್ತದೆ, ಮಲಗಿರುವ ಭಾಗ ಕ್ಷಮಿಸುವುದಿಲ್ಲ. ಬಾನೆಟ್, ಟಾಪು, ಡಿಕ್ಕಿಯ ಮೇಲ್ಭಾಗದ ಮೇಲೆ ನೇರ ಬೆಳಕು ಬೀಳುತ್ತದೆ, ನೋಡುವವರ ಕಣ್ಣೂ ಬೀಳುತ್ತದೆ, ಮೇಲಿಂದ ಧೂಳೂ ಬೀಳುತ್ತದೆ. ಮೊಣಕಾಲಿಗಿಂತ ಕೆಳಗಿನ ಭಾಗವನ್ನು ಯಾರು ಬಗ್ಗಿ ನೋಡುತ್ತಾರೆ? ಬಣ್ಣದಲ್ಲಿ ಸಾದಾ ಬಿಳಿ ಎಲ್ಲಕ್ಕಿಂತ ಸುಲಭ. ಸಾದಾ ಕಪ್ಪು ಹೊಡೆಯಲು ಸುಲಭ, ಆದರೆ ಕೆಳಗಿನ ಒಂದೊಂದು ತಪ್ಪನ್ನೂ ಕನ್ನಡಿ ಹಿಡಿದು ತೋರಿಸುತ್ತದೆ. ಮೆಟಾಲಿಕ್ ಕಥೆ ಬೇರೆ. ಅದರೊಳಗೆ ಅಲ್ಯೂಮಿನಿಯಂನ ಸಣ್ಣ ಚೂರುಗಳಿವೆ. ನೀವು ಎಷ್ಟು ದೂರದಿಂದ, ಎಷ್ಟು ಹಸಿಯಾಗಿ ಹೊಡೆದಿರಿ ಅನ್ನುವುದರ ಮೇಲೆ ಆ ಚೂರುಗಳು ಮಲಗುವ ರೀತಿ ಬದಲಾಗುತ್ತದೆ. ಡಬ್ಬಿಯಲ್ಲಿರುವ ಪೇಂಟ್ ಒಂದೇ ಆದರೂ ಒಂದು ಕಡೆ ಗಾಢ, ಒಂದು ಕಡೆ ತಿಳಿ. ನನ್ನ ಬಾನೆಟ್ ಹುಲಿಯಾಗಿದ್ದು ಹೀಗೇ. ಮುತ್ತಿನ ಹಾಗೆ ಹೊಳೆಯುವ ಪರ್ಲ್ ಬಣ್ಣವಿದ್ದರೆ ಯೋಚನೆಯೇ ಬೇಡ, ಸೀದಾ ವರ್ಕ್‌ಶಾಪ್.

ಸರಿ, ಸಾದಾ ಬಣ್ಣ, ಸಣ್ಣ ಜಾಗ, ನೀವೇ ಮಾಡುತ್ತೀರಿ ಅಂದುಕೊಳ್ಳೋಣ. ಕಾರಿನ ಪೇಂಟ್ ಕೋಡ್ ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲೋ ಬಾನೆಟ್ ಕೆಳಗೋ ಇರುತ್ತದೆ. ಬಿಳಿ ಅಂದರೆ ಒಂದೇ ಬಿಳಿ ಅಲ್ಲ, ಕೋಡ್ ಹೇಳಿಯೇ ಕೊಳ್ಳಿ. ಕೋಡ್ ಸರಿ ಇದ್ದರೂ ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನ ಬಣ್ಣ ಮಾಸಿರುತ್ತದೆ ಅಲ್ವಾ? ಹಾಗಾಗಿ ಒಂದು ರಟ್ಟಿನ ಮೇಲೆ ಬಣ್ಣ, ಅದರ ಮೇಲೆ ಕ್ಲಿಯರ್ ಹೊಡೆದು, ಒಣಗಿಸಿ, ಹಗಲು ಬೆಳಕಿನಲ್ಲಿ ಕಾರಿನ ಪಕ್ಕ ಹಿಡಿದು ನೋಡಿ. ಕ್ಲಿಯರ್ ಇಲ್ಲದೆ ಹೋಲಿಸಬೇಡಿ, ಅದು ಬಿದ್ದ ಮೇಲೆ ಬಣ್ಣ ಬೇರೆಯೇ ಕಾಣುತ್ತದೆ.

ಇನ್ನು ನಿಜವಾದ ಕೆಲಸ. ಪೇಂಟಿಂಗ್ ಅಂದ ತಕ್ಷಣ ಎಲ್ಲರಿಗೂ ಕಣ್ಣ ಮುಂದೆ ಬರುವುದು ಗನ್ ಹಿಡಿದು ಬುಸ್ ಅಂತ ಹೊಡೆಯುವ ಚಿತ್ರ, ಆದರೆ ಒಂದು ಬಾಗಿಲಿಗೆ ನೀವು ಎರಡು ದಿನ ಖರ್ಚು ಮಾಡಿದರೆ ಅದರಲ್ಲಿ ಹೊಡೆಯುವ ಹೊತ್ತು ಅರ್ಧ ಗಂಟೆಯೂ ಇರುವುದಿಲ್ಲ, ಉಳಿದಿದ್ದೆಲ್ಲ ತೊಳೆಯುವುದು, ಉಜ್ಜುವುದು, ಟೇಪ್ ಅಂಟಿಸುವುದು, ಕಾಯುವುದು. ಈ ಭಾಗ ಬೇಜಾರು ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ. ನಾಚಿಕೆ ಏನಿಲ್ಲ.

ಮೊದಲು ಸೋಪು ನೀರಲ್ಲಿ ತೊಳೆಯಿರಿ, ಆಮೇಲೆ ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರಾವಣದಲ್ಲಿ ಒರೆಸಿ. ಉಜ್ಜಿದ ಮೇಲೆ ಒರೆಸಿದರಾಯಿತು ಅನ್ನಬೇಡಿ. ಉಜ್ಜುವಾಗ ಹಳೇ ಪಾಲಿಶ್ ಗೀರುಗಳೊಳಗೆ ಹೋಗಿ ಕೂರುತ್ತದೆ. ಅದರಲ್ಲಿ ಸಿಲಿಕಾನ್ ಇದ್ದರಂತೂ ಹೊಸ ಪೇಂಟ್ ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಸಣ್ಣ ಗುಂಡಿ ಬೀಳುತ್ತದೆ. ಪೇಂಟರ್‌ಗಳು ಇದಕ್ಕೆ ಫಿಶ್ ಐ ಅನ್ನುತ್ತಾರೆ, ನೋಡಲು ಮೀನಿನ ಕಣ್ಣಿನ ಹಾಗೇ ಇರುತ್ತದೆ.

ತುಕ್ಕು ಇದ್ದರೆ 80 ನಂಬರಿನ ಸ್ಯಾಂಡ್‌ಪೇಪರಿನಲ್ಲಿ (ನಂಬರ್ ಜಾಸ್ತಿಯಾದಷ್ಟೂ ಪೇಪರ್ ನಯ) ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ. ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಉಳಿದು, ಇರಲಿ ಬಿಡು ಅನ್ನಿಸುತ್ತದಲ್ಲ, ಅಲ್ಲೇ ಮೋಸ ಹೋಗುವುದು. ಹೊರಗೆ ಥಳಕು ಒಳಗೆ ಹುಳುಕು ಆಗಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪೇಂಟ್ ಬೊಬ್ಬೆ ಏಳುತ್ತದೆ. ತಗಡು ತೂತಾಗಿದ್ದರೆ ಪುಟ್ಟಿ ಮೆತ್ತಿ ಮುಚ್ಚಬೇಡಿ, ಅದು ವೆಲ್ಡಿಂಗ್ ಕೆಲಸ.

ಆಮೇಲೆ 180, 320 ಅಂತ ನಯವಾಗಿಸುತ್ತಾ ಬನ್ನಿ. ಇಲ್ಲಿ ಹತ್ತಿರದಿಂದ ನೋಡಿದರೆ ಒಂದು ಚಂದ ಇದೆ. ಹಳೇ ಪೇಂಟಿನ ಅಂಚು ಸರಿಯಾಗಿ ಸವೆದಿದ್ದರೆ ಪದರಗಳು ಒಂದರ ಹಿಂದೆ ಒಂದು ಉಂಗುರದ ಹಾಗೆ ಕಾಣುತ್ತವೆ, ಕಡಿದ ಮರದ ಬುಡದಲ್ಲಿ ಕಾಣುತ್ತದಲ್ಲ ಹಾಗೆ: ನಡುವೆ ತಗಡು, ಸುತ್ತ ಬೂದು ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಮಂಕಾದ ಕ್ಲಿಯರ್. ಉಂಗುರ ಅಗಲವಾಗಿದ್ದಷ್ಟೂ ಒಳ್ಳೆಯದು. ದಾರದಷ್ಟು ಸಣ್ಣಗಿದ್ದರೆ ಅಲ್ಲಿ ಇನ್ನೂ ಮೆಟ್ಟಿಲಿದೆ ಅಂತ ಲೆಕ್ಕ. ಕಣ್ಣನ್ನು ನಂಬಬೇಡಿ. ಅಂಗೈ ಕೆಳಗೆ ತೆಳು ಬಟ್ಟೆ ಇಟ್ಟುಕೊಂಡು, ಕಣ್ಣು ಮುಚ್ಚಿ ಸವರಿ. ಕಣ್ಣಿಗೆ ಕಾಣದ ಏರುತಗ್ಗು ಕೈಗೆ ಗೊತ್ತಾಗುತ್ತದೆ.

ಪುಟ್ಟಿ ಬೇಕಾದರೆ ತೆಳ್ಳಗೆ ಹಾಕಿ, ಅದನ್ನು ಗಟ್ಟಿ ಮಾಡುವ ಹಾರ್ಡನರ್ 2ರಿಂದ 3 ಪರ್ಸೆಂಟ್ ಸಾಕು. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಮೇಲಿನ ಬಣ್ಣದಲ್ಲಿ ಕಲೆ ಎದ್ದು ಬರುವುದುಂಟು. ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ, ಅದು ನೀರು ಕುಡಿಯುತ್ತದೆ. ಪ್ಲಾಸ್ಟಿಕ್ ಬಂಪರ್ ಆದರೆ ಬರೀ ಪ್ಲಾಸ್ಟಿಕ್ ಕಾಣುವ ಕಡೆ ಪ್ರೈಮರ್‌ಗಿಂತ ಮೊದಲು ಪೇಂಟ್ ಹಿಡಿದುಕೊಳ್ಳುವಂತೆ ಮಾಡುವ ಅಡ್ಹೀಷನ್ ಪ್ರೊಮೋಟರ್ ಬೇಕು, ಇಲ್ಲದಿದ್ದರೆ ಪೇಂಟ್ ಹಾಳೆಯಾಗಿ ಕಿತ್ತು ಬರುತ್ತದೆ.

ಉಜ್ಜಿದ ಜಾಗಕ್ಕೆ ಪ್ರೈಮರ್ ಹೊಡೆಯಿರಿ. ಅದು ಒಣಗಿದ ಮೇಲೆ ಅದರ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನ ಹಾಗೆ ಒಂದು ಸಲ ಹಾರಿಸಿ, 600ರ ಪೇಪರನ್ನು ಬ್ಲಾಕಿಗೆ ಸುತ್ತಿ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗು, ಬೇಗ ಹೋದ ಕಡೆ ಉಬ್ಬು. ಇಷ್ಟು ಸುಲಭದ ಉಪಾಯವನ್ನು ಮೊದಲ ಸಲ ನಾನು ಬಿಟ್ಟುಬಿಟ್ಟಿದ್ದೆ. ಸೋಮಾರಿತನ, ಇನ್ನೇನು.

ಮರೆ ಮಾಡಲು ಮಾಸ್ಕಿಂಗ್ ಪೇಪರ್ ಬಳಸಿ. ನ್ಯೂಸ್ ಪೇಪರಿನಲ್ಲಿ ಥಿನ್ನರ್ (ಪೇಂಟನ್ನು ತೆಳುವಾಗಿಸುವ ದ್ರವ) ಇಳಿದು ಶಾಯಿ ಅಂಟುತ್ತದೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ತೀರಾ ಚಳಿ, ಜಿಟಿಜಿಟಿ ಮಳೆ, ಸುಡುವ ಬಿಸಿಲು, ಮೂರೂ ಬೇಡ. 20ರಿಂದ 25 ಡಿಗ್ರಿ ಒಳ್ಳೆಯದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲೆ ಬೆಳ್ಳಗೆ ಮಂಕು ಕಟ್ಟಬಹುದು.

ಒಂದು ಭಾಗಕ್ಕಾಗಿ ಗನ್ನು, ಕಂಪ್ರೆಸರ್ ಕೊಳ್ಳಬೇಡಿ. ಚಿಕ್ಕ ಕಂಪ್ರೆಸರ್ ಆದರೆ ಅರ್ಧ ಬಾಗಿಲು ಮುಗಿಯುವಷ್ಟರಲ್ಲಿ ಗಾಳಿ ಕುಸಿದು ಪೇಂಟ್ ಹನಿಹನಿಯಾಗಿ ಬೀಳುತ್ತದೆ. ಸ್ಪ್ರೇ ಡಬ್ಬಿಯೇ ಸಾಕು. ಒಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೂ ಎರಡು ನಿಮಿಷ ಅಲ್ಲಾಡಿಸಿ. ಒಂದು ಗೇಣು ದೂರ ಇರಲಿ. ಕೈಯನ್ನು ಕಮಾನಿನ ಹಾಗೆ ಬೀಸದೆ, ಮೇಲ್ಮೈಗೆ ಸಮವಾಗಿ ಇಡೀ ತೋಳನ್ನೇ ಸರಿಸಿ. ಒತ್ತುವುದು ಜಾಗದ ಹೊರಗೆ, ಬಿಡುವುದೂ ಹೊರಗೆ. ಒಂದು ಸಾಲಿನ ಅರ್ಧದ ಮೇಲೆ ಮುಂದಿನ ಸಾಲು ಬರಲಿ. ಮೊದಲ ಕೋಟಿನಲ್ಲಿ ಕೆಳಗಿನದು ಕಾಣುತ್ತಿರಬೇಕು. ಕೋಟಿನ ನಡುವೆ 10ರಿಂದ 15 ನಿಮಿಷ ಬಿಡಿ, ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಕೆಳಗಿನ ಥಿನ್ನರ್ ಹಾರಿಹೋಗುವ ಮುಂಚೆ ಮೇಲೊಂದು ದಪ್ಪ ಕೋಟ್ ಎಳೆದರೆ ಅದು ಆಮೇಲೆ ಸೂಜಿ ಚುಚ್ಚಿದ ಹಾಗೆ ತೂತು ಮಾಡಿಕೊಂಡು ಹೊರಬರುತ್ತದೆ.

ಕ್ಲಿಯರ್ ಮಾತ್ರ ಬಾಗಿಲಿನ ಮಧ್ಯದಲ್ಲಿ ನಿಲ್ಲಿಸಬೇಡಿ. ಉಳಿದ ಭಾಗವನ್ನೂ 800–1000ದಲ್ಲಿ ಮಂಕು ಮಾಡಿಕೊಂಡು ಅಂಚಿನಿಂದ ಅಂಚಿಗೆ ಹೊಡೆಯಿರಿ. ಮಧ್ಯದ ಗೆರೆ ಇಂದು ಕಾಣದಿದ್ದರೂ ಮುಂದೆ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಹೊಡೆಯುವಾಗ ಸೊಳ್ಳೆ ಬಂದು ಅಂಟಿಕೊಂಡರೆ, ಅದು ಬಂದೇ ಬರುತ್ತದೆ, ಬೆರಳು ಹಾಕಬೇಡಿ. ಒಣಗಲಿ. ಪೇಂಟ್ ಇಳಿದು ಹನಿ ಕಟ್ಟಿದರೂ ಹಾಗೇ ಬಿಡಿ. ಪೂರ್ತಿ ಗಟ್ಟಿಯಾದ ಮೇಲೆ 1500, 2000ದಲ್ಲಿ ನೀರು ಹಾಕಿ ಮೆಲ್ಲಗೆ ಉಜ್ಜಿ ಪಾಲಿಶ್ ಮಾಡಿದರೆ ಹೋಗುತ್ತದೆ.

ಈಗ ನಾನು ಹಟ ಹಿಡಿದು ಹೇಳುವ ವಿಷಯ. ಕ್ಲಿಯರ್‌ನಲ್ಲಿ ಎರಡು ಥರ ಇದೆ. ಸುಮ್ಮನೆ ಒಣಗುವ 1ಕೆ, ಹಾರ್ಡನರ್ ಬೆರೆಸುವ 2ಕೆ. 1ಕೆ ಮೇಲೆ ಪೆಟ್ರೋಲ್ ಚೆಲ್ಲಿದರೆ ಕರಗಬಹುದು, ಹೊಳಪೂ ಬೇಗ ಹೋಗುತ್ತದೆ. 2ಕೆ ಗಟ್ಟಿ, ಬಾಳಿಕೆ ಬರುತ್ತದೆ. ಆದರೆ ಅದರ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಉಸಿರಿನಲ್ಲಿ ಹೋದರೆ ಆಸ್ತಮಾ ತರಿಸಬಹುದು, ಒಮ್ಮೆ ಮೈಗೆ ಅದು ಆಗದಂತಾದರೆ ಆಮೇಲೆ ಚೂರು ಸೋಕಿದರೂ ಉಸಿರು ಕಟ್ಟುತ್ತದೆ. ಅಪಾಯದ ಮಟ್ಟಕ್ಕೆ ಬಂದರೂ ವಾಸನೆಯಿಂದ ಗೊತ್ತಾಗುವುದಿಲ್ಲ. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಇದಕ್ಕೆ ಏನೂ ಅಲ್ಲ. ವರ್ಕ್‌ಶಾಪಿನ ಬೂತ್‌ನಲ್ಲಿ, ಅಂದರೆ ಪೇಂಟ್ ಹೊಡೆಯುವ ಮುಚ್ಚಿದ ಕೋಣೆಯಲ್ಲಿ, ಕೆಲಸ ಮಾಡುವವರು ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮುಖವಾಡ ಹಾಕುತ್ತಾರೆ. ಅದು ನಿಮ್ಮ ಹತ್ತಿರ ಇಲ್ಲ ತಾನೇ? ಹಾಗಾದರೆ ಮನೆಯಲ್ಲಿ 2ಕೆ ಹೊಡೆಯಬೇಡಿ. ಮಕ್ಕಳು ಓಡಾಡುವ ಮನೆಗೆ ಅಂಟಿದ ಗ್ಯಾರೇಜ್ ಆದರಂತೂ ಬೇಡವೇ ಬೇಡ. 1ಕೆ ಹೊಡೆಯುವಾಗಲೂ ಆವಿಗೆ ತಕ್ಕ ಮಾಸ್ಕ್, ಎದುರುಬದುರು ಗಾಳಿ ಇರಲಿ, ಹತ್ತಿರ ಒಲೆ, ಕಿಡಿ ಯಾವುದೂ ಬೇಡ. ಥಿನ್ನರ್ ಆವಿ ನೆಲ ಹಿಡಿದು ಹರಿಯುತ್ತದೆ.

ವರ್ಕ್‌ಶಾಪಿಗೆ ಕೊಡುವ ದುಡ್ಡು ಹೋಗುವುದು ಇಂಥದ್ದಕ್ಕೇ. ಸೋಸಿದ ಗಾಳಿಯ ಬೂತ್, 60 ಡಿಗ್ರಿ ಸುಮಾರಿನಲ್ಲಿ ಅರ್ಧ ಗಂಟೆ ಬೇಯಿಸುವ ವ್ಯವಸ್ಥೆ, 2ಕೆ ಕ್ಲಿಯರ್, ಪಳಗಿದ ಕೈ. ಆದರೆ ಬೋರ್ಡ್ ದೊಡ್ಡದಿದ್ದ ಮಾತ್ರಕ್ಕೆ ಇವೆಲ್ಲ ಇರುತ್ತವೆ ಅಂತಲ್ಲ. ಹೋದ ತಕ್ಷಣ ಒಂದು ಪ್ರಶ್ನೆ ಕೇಳಿ: ಹಿಡಿಕೆ, ಕನ್ನಡಿ, ಲೈಟು, ರಬ್ಬರ್ ಬಿಚ್ಚುತ್ತೀರಾ, ಇಲ್ಲ ಟೇಪ್ ಹಾಕುತ್ತೀರಾ? ಬಿಚ್ಚುತ್ತೇವೆ ಅಂದವರ ಜೊತೆ ಮುಂದಿನ ಮಾತು. ಮೆಟಾಲಿಕ್ ಆದರೆ ಪಕ್ಕದ ಭಾಗಕ್ಕೂ ಬಣ್ಣ ಹರಡಿ ಹೊಂದಿಸುತ್ತೀರಾ ಅಂತ ಕೇಳಿ. ಒಂದು ಬಾಗಿಲಿಗೆ ಮಾತ್ರ ಹೊಡೆದು ಕೊಡುತ್ತೇವೆ ಅಂದರೆ ಅಗ್ಗವಾಗುತ್ತದೆ, ಆದರೆ ಆ ಬಾಗಿಲು ಬೇರೆ ಕಾರಿನದ್ದು ಅನ್ನಿಸುತ್ತದೆ. ಬಂಪರ್ ಹಿಂದೆ ರೇಡಾರ್ ಇರುವ ಹೊಸ ಕಾರಾದರೆ ಮೊದಲೇ ಹೇಳಿ. ಅದರ ಮುಂದೆ ಪುಟ್ಟಿ, ದಪ್ಪ ಪೇಂಟ್ ಬಂದರೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಬಣ್ಣವನ್ನೇ ಬದಲಿಸುವುದಾದರೆ ಕಾರಿನ ದಾಖಲೆ, ಇನ್ಶೂರೆನ್ಸ್ ಎರಡನ್ನೂ ನೋಡಿಕೊಳ್ಳಿ. ಗ್ಯಾರಂಟಿ ಬಾಯಿಮಾತಲ್ಲಿ ಬೇಡ.

ಉಜ್ಜುವ ಕೆಲಸ ನಾವು ಮಾಡಿ, ಹೊಡೆಯುವುದನ್ನಷ್ಟೇ ಅವರಿಗೆ ಕೊಟ್ಟರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ಪ್ರೈಮರ್ ಮೇಲೆ ಅವರ ಪೇಂಟ್ ಎದ್ದು ಬಂದರೆ ತಪ್ಪು ಯಾರದ್ದು? ಹಾಗಾಗಿ ಬಹಳ ಜನ ಒಪ್ಪುವುದಿಲ್ಲ, ಒಪ್ಪಿದರೂ ಗ್ಯಾರಂಟಿ ಕೊಡುವುದಿಲ್ಲ. ಬಂಪರ್, ಲೈಟು ಬಿಚ್ಚಿ ಕೊಡುತ್ತೇನೆ ಅಂದರೆ ಮಾತ್ರ ಕೂಲಿಯಲ್ಲಿ ಚೂರು ಇಳಿಸಬಹುದು.

ಕಾರು ವಾಪಸ್ ತರಲು ಸಂಜೆ ಹೋಗಬೇಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಬಣ್ಣವೂ ಹೊಂದುತ್ತದೆ. ಹಗಲಲ್ಲಿ ಹೋಗಿ, ಕಾರನ್ನು ಬಿಸಿಲಿಗೆ ತರಿಸಿ, ಮೂಲೆಯಿಂದ ಓರೆಯಾಗಿ ನೋಡಿ. ಬಾಗಿಲು ತೆಗೆದು ರಬ್ಬರಿನ ಅಂಚಿಗೆ ಬೆರಳು ಎಳೆಯಿರಿ, ತರಿತರಿ ಅನ್ನಿಸಿದರೆ ಅಲ್ಲಿ ಟೇಪ್ ಸರಿಯಾಗಿ ಕೂತಿರಲಿಲ್ಲ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ತರಿ ಕಂಪನಿ ಪೇಂಟಿನಲ್ಲೂ ಇರುತ್ತದೆ, ಪಕ್ಕದ ಭಾಗಕ್ಕೆ ಹೋಲಿಸಿ ನೋಡಿ ಸಾಕು. ಇನ್ನು ವ್ಯಾಕ್ಸ್. ಹೊಸ ಪೇಂಟ್ ಕಂಡ ಕೂಡಲೇ ಹಚ್ಚೋಣ ಅನ್ನಿಸುತ್ತದೆ, ಆದರೆ ಒಂದೆರಡು ತಿಂಗಳು ತಡೆಯಿರಿ, ಒಳಗೆ ಉಳಿದ ಥಿನ್ನರ್ ಇನ್ನೂ ಹಾರಿಹೋಗುತ್ತಿರುತ್ತದೆ.