ನ್ಯೂಜಿಲೆಂಡ್‌ನಲ್ಲಿ ರಾಜಿ ಆದರೂ ಕೇಸ್ ಮುಗಿಯಲ್ಲ

ಹೋದ ವಾರ ಇಲ್ಲೇ ನ್ಯೂಜಿಲೆಂಡ್‌ನಲ್ಲಿರುವ ದಾವಣಗೆರೆ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಗಿವ್ ವೇ (ಎದುರಿನವರಿಗೆ ದಾರಿ ಬಿಡಿ) ಬೋರ್ಡ್ ನೋಡದೆ ಕಾರು ತಿರುಗಿಸಿ ಸೈಕಲ್ ಸವಾರರೊಬ್ಬರಿಗೆ ಗುದ್ದಿದ್ದಾನೆ. "ಅಣ್ಣಾ, ಅವರ ಜೊತೆ ಕೂರಿಸಿ ಮಾತಾಡಿಸ್ತಾರಂತೆ. ರಾಜಿ ಆದ್ರೆ ಕೇಸ್ ಹೋಗುತ್ತೆ ಅಲ್ವಾ?" ಆರು ವರ್ಷದ ಹಿಂದೆ ನನ್ನ ಮೇಲೂ ಇಂಥದ್ದೇ ಕೇಸ್ ಆದಾಗ ನಾನೂ ಹಾಗೇ ನಂಬಿದ್ದೆ.

ಇಲ್ಲಿ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರೆ, ಆ ತಪ್ಪಿನಿಂದ ನೊಂದವರು ಇದ್ದರೆ, ಶಿಕ್ಷೆಗೆ ಮುಂಚೆ ಜಡ್ಜ್ ಕೇಸ್ ಮುಂದೂಡಿ ರೆಸ್ಟೋರೇಟಿವ್ ಜಸ್ಟಿಸ್‌ಗೆ, ಅಂದರೆ ತಪ್ಪು ಮಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸಿ ಮಾತಾಡಿಸುವ ವ್ಯವಸ್ಥೆಗೆ ಕಳಿಸುತ್ತಾರೆ. 2014ರ ಕೊನೆಯಿಂದ ಇದು ಕಾನೂನು. ಖರ್ಚಿಲ್ಲ, ಆದರೆ ಎರಡೂ ಕಡೆಯವರು ಒಪ್ಪಬೇಕು.

ನನ್ನ ಕೇಸಿನಲ್ಲಿ ಮಧ್ಯೆ ಮೇಜಿಲ್ಲದೆ ಐದು ಕುರ್ಚಿ ಹಾಕಿದ್ದರು. ನನ್ನ ಕಾರಿನಿಂದ ಮಣಿಕಟ್ಟು ಮುರಿದುಕೊಂಡ ಅಜ್ಜಿ ಎದುರಿಗೇ ಕೂತರು. ಮೊಮ್ಮಗಳಿಗೆ ಜಡೆ ಹಾಕೋಕೆ ಎರಡು ತಿಂಗಳು ಆಗಲಿಲ್ಲ ಅಂದರು, ಅಷ್ಟೇ. ನನಗೆ ಮಾತೇ ಹೊರಡಲಿಲ್ಲ. ನಮ್ಮೂರ ಕೋರ್ಟಿನಲ್ಲಿ ಏಟು ತಿಂದವರು ಬರೀ ಸಾಕ್ಷಿ, ಅವರ ಮನಸ್ಸಿನಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ಈ ವಿಷಯದಲ್ಲಿ ಇಲ್ಲಿಯದೇ ಒಳ್ಳೆಯ ಪದ್ಧತಿ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅಜ್ಜಿ ಕ್ಷಮಿಸಿದರು, ಪರಿಹಾರದ ಮೊತ್ತವೂ ಒಪ್ಪಂದವಾಯಿತು. ಎಲ್ಲಾ ಮುಗೀತು ಅಂತ ನಾನು ಲಾಯರ್ ಇಲ್ಲದೆ ಕೋರ್ಟಿಗೆ ಹೋದೆ. ಅಲ್ಲೇ ಕೆಟ್ಟಿತು. ನಮ್ಮಲ್ಲಿ ಕೆಲವು ಕೇಸುಗಳು ರಾಜಿಯಾದರೆ ಮುಚ್ಚಿಹೋಗುತ್ತವೆ, ಇಲ್ಲಿ ಹಾಗಲ್ಲ: ಜಡ್ಜ್ ಆ ಮಾತುಕತೆಯ ವರದಿ ಓದಿ ಶಿಕ್ಷೆ ಕಡಿಮೆ ಮಾಡಬಹುದು, ಕೇಸ್ ಮಾತ್ರ ಹಾಗೇ ಇರುತ್ತದೆ. ನನಗೆ ಕನ್ವಿಕ್ಷನ್ ಆಯಿತು (ಅಪರಾಧಿ ಅಂತ ದಾಖಲಾಯಿತು), ಆರು ತಿಂಗಳು ಲೈಸೆನ್ಸ್ ಹೋಯಿತು. ಮುಂದಿನ ವೀಸಾ ಫಾರಂನಲ್ಲಿ ಅದನ್ನು ಬರೆಯಲೇಬೇಕು. ಬರೆದೆ. ವಿವರಣೆ, ದಾಖಲೆ, ವಕೀಲರ ಫೀಸು ಅಂತ ತಿಂಗಳುಗಟ್ಟಲೆ ಅಲೆದೆ.

ಕನ್ವಿಕ್ಷನ್ ಇಲ್ಲದೆ ಬಿಡಿ ಅಂತ ಕೇಳುವ ದಾರಿ ಕಾನೂನಿನಲ್ಲೇ ಇದೆ, 2002ರ ಸೆಂಟೆನ್ಸಿಂಗ್ ಆಕ್ಟಿನ 106ನೇ ಸೆಕ್ಷನ್. ತಪ್ಪಿಗೆ ಹೋಲಿಸಿದರೆ ಕನ್ವಿಕ್ಷನ್ನಿನಿಂದ ಆಗುವ ನಷ್ಟ ತೀರಾ ಜಾಸ್ತಿ ಅಂತ ಕಾಗದಪತ್ರದೊಂದಿಗೆ ತೋರಿಸಬೇಕು. ನಾನು ಕೇಳಲೇ ಇಲ್ಲ. ಮೊದಲ ತಪ್ಪಾಗಿದ್ದರೆ ಕೆಲವು ಕೇಸುಗಳಲ್ಲಿ ಪೊಲೀಸರ ಡೈವರ್ಷನ್ (ಅವರ ಷರತ್ತು ಪೂರೈಸಿದರೆ ಕನ್ವಿಕ್ಷನ್ ಇಲ್ಲದೆ ಕೇಸ್ ಮುಗಿಸುವ ದಾರಿ) ಕೂಡ ಸಿಗಬಹುದು, ಅದನ್ನು ತಪ್ಪು ಒಪ್ಪಿಕೊಳ್ಳುವ ಮುಂಚೆಯೇ ವಿಚಾರಿಸಿ. ಕೋರ್ಟಿನಲ್ಲಿ ಡ್ಯೂಟಿ ಲಾಯರ್, ಅಂದರೆ ಲಾಯರ್ ಇಲ್ಲದೆ ಬಂದವರಿಗೆ ನೆರವಾಗಲು ಅಲ್ಲೇ ಇರುವ ವಕೀಲರು, ಪುಕ್ಕಟೆ ಸಿಗುತ್ತಾರೆ.

ಆ ಹುಡುಗ ಹಣ್ಣು ತಗೊಂಡು ಗಾಯಾಳುವಿನ ಮನೆಗೇ ಹೋಗ್ತೀನಿ ಅಂತಿದ್ದ. ಬೇಡವೇ ಬೇಡ ಅಂದೆ. ಬೇಲ್ ಷರತ್ತಿನಲ್ಲಿ ಅವರನ್ನು ಭೇಟಿ ಮಾಡಬಾರದು ಅಂತ ಇದ್ದರೆ ಅದೇ ಇನ್ನೊಂದು ತೊಂದರೆ. ನಾಳೆ ಬೆಳಿಗ್ಗೆ ಲಾಯರ್ ಹತ್ತಿರ ಹೋಗುತ್ತಿದ್ದಾನೆ, ಜೊತೆಗೆ ನಾನೂ ಹೋಗುತ್ತಿದ್ದೇನೆ.